ತೊಗಲಿನ ದಲ್ಲಾಳಿ ಬರ್ಕೆಟ್: ಕೆಲವು ಟಿಪ್ಪಣಿಗಳು

1
ರೆಜಿನಾಲ್ಡ್ ಹಾಲ್ಸಿ ಬರ್ಕೆಟ್. ಹುಟ್ಟಿದ್ದು 1849ರ ಮಾರ್ಚ್ 28, ತೀರಿಕೊಂಡದ್ದು 1898ರ ಜೂನ್ 30. ಲಂಡನ್ನಿನವನು. ಕಸುಬು ತೊಗಲಿನ ದಲ್ಲಾಳಿ. ರಗ್ಬಿಯಲ್ಲಿ ಎರಡು ದೇಶಗಳು ಮೊದಲ ಸಲ ಎದುರಾದಾಗ ಇಂಗ್ಲೆಂಡಿನ ಕಡೆ ಆಡಿದ 20 ಜನರಲ್ಲಿ ಒಬ್ಬ.

2
ಪಕ್ಷಕ್ಕೆ 20 ಜನ. ಒಟ್ಟು 40. ಚೆಂಡು ಒಂದು. 15ಕ್ಕೆ ಇಳಿದದ್ದು 1877ರಲ್ಲಿ.

3
ಆ ಪಂದ್ಯ ನಡೆದದ್ದು 1871ರ ಮಾರ್ಚ್ 27, ಸೋಮವಾರ. ಜಾಗ ಎಡಿನ್‌ಬರೋದ ರೇಬರ್ನ್ ಪ್ಲೇಸ್. ಎದುರಾಳಿ ಸ್ಕಾಟ್ಲೆಂಡ್. ನಮ್ಮ ಕಡೆ ಪ್ರಜೋತ್ಪತ್ತಿ ಸಂವತ್ಸರದ ಯುಗಾದಿ ಕಳೆದು ಇನ್ನೂ ವಾರ ಆಗಿರಲಿಲ್ಲ. ಮರುದಿನ ಬರ್ಕೆಟ್‌ಗೆ 22 ತುಂಬಿತು.

4
ಒಳಗೆ ಬಿಡಲು ತಲೆಗೊಂದು ಷಿಲ್ಲಿಂಗ್. ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಂಟಾಣೆ. ಸುಮಾರು 4,000 ಜನ ಬಂದಿದ್ದರು.

5
ಆಟದ ಕಾಲ ಎರಡು ಭಾಗ, ಒಂದೊಂದು 50 ನಿಮಿಷ. ಸ್ಕಾಟ್ಲೆಂಡಿನ ಆ್ಯಂಗಸ್ ಬುಕಾನನ್ ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದ. ವಿಲಿಯಂ ಕ್ರಾಸ್ ಅದನ್ನು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಒದ್ದ. ಅದು ಗೋಲು. ಆಮೇಲೆ ಇಂಗ್ಲೆಂಡಿನ ಪರವಾಗಿ ಬರ್ಕೆಟ್ ಗೆರೆಯಾಚೆ ಒತ್ತಿದ. ಅದಕ್ಕೆ ಸಿಕ್ಕ ಒದೆತ ಗುರಿ ತಪ್ಪಿತು.

6
ಗೆರೆಯಾಚೆ ಒತ್ತುವುದಕ್ಕೆ ಟ್ರೈ ಎನ್ನುತ್ತಾರೆ. ಆಗ ಟ್ರೈಗೆ ಅಂಕ ಇರಲಿಲ್ಲ. ಕಂಬದತ್ತ ಒದೆಯಲು ಒಂದು ಅವಕಾಶ, ಅಷ್ಟೇ. ಗೆದ್ದದ್ದು ಸ್ಕಾಟ್ಲೆಂಡ್. ಅಂತರರಾಷ್ಟ್ರೀಯ ಪಂದ್ಯದಲ್ಲಿ ಇಂಗ್ಲೆಂಡಿನ ಮೊದಲ ಟ್ರೈ ಬರ್ಕೆಟ್‌ನದು. ಅದರ ಬೆಲೆ ಸೊನ್ನೆ.

7
ಕಬಡ್ಡಿಯಲ್ಲಿ ಗೆರೆ ದಾಟಿ ಹೋಗಿ ಒಬ್ಬನನ್ನು ಮುಟ್ಟಿ ವಾಪಸ್ಸು ಬಂದರೆ ಅಂಕ. ರಗ್ಬಿಯಲ್ಲಿ ಗೆರೆ ದಾಟಿದವನು ವಾಪಸ್ಸು ಬರಬೇಕಾಗಿಲ್ಲ.

8
ಟ್ರೈಗೆ ಈಗ 5 ಅಂಕ. 1992ರಿಂದ. ಅದಕ್ಕೆ ಮುಂಚೆ 4 ಇತ್ತು. ಹಳೆಯ ಟ್ರೈಗಳಿಗೆ ಯಾರೂ ಹಿಂದಿನಿಂದ ಅಂಕ ಸೇರಿಸಿಲ್ಲ.

9
ಆ ಮೊದಲ ಪಂದ್ಯದ ತೀರ್ಪುಗಾರರಲ್ಲಿ ಒಬ್ಬ ಎಚ್.ಎಚ್. ಆಲ್ಮಂಡ್. ಲೊರೆಟೊ ಎಂಬ ಶಾಲೆಯ ಹೆಡ್‌ಮಾಸ್ಟರ್. ಸ್ಕಾಟ್ಲೆಂಡಿನ ಟ್ರೈ ಬಗ್ಗೆ ಇಂಗ್ಲೆಂಡಿನವರು ತಕರಾರು ತೆಗೆದರು. ಆಲ್ಮಂಡ್ ಸ್ಕಾಟ್ಲೆಂಡಿಗೆ ಕೊಟ್ಟ. ಬಹಳ ವರ್ಷ ಕಳೆದ ಮೇಲೆ ಅವನೇ ಬರೆದದ್ದರ ತಾತ್ಪರ್ಯ ಇದು: ತೀರ್ಪುಗಾರನಿಗೆ ಅನುಮಾನ ಬಂದಾಗ, ಹೆಚ್ಚು ಗಲಾಟೆ ಮಾಡುವ ಪಕ್ಷದ ವಿರುದ್ಧ ಹೇಳುವುದು ತಪ್ಪಲ್ಲ.

ಹೆಡ್‌ಮಾಸ್ಟರು ಹೇಳುವ ಮಾತೇ.

10
ಇಂಗ್ಲೆಂಡಿನ ಕ್ಯಾಪ್ಟನ್ ಫ್ರೆಡರಿಕ್ ಸ್ಟೋಕ್ಸ್‌ಗೆ ಅಂದು ವಯಸ್ಸು 20.

11
ಸ್ಕಾಟ್ಲೆಂಡಿನ ಕಡೆ ಆಡಿದವರಲ್ಲಿ ಆಲ್ಫ್ರೆಡ್ ಕ್ಲೂನೀಸ್-ರಾಸ್ ಎಂಬುವನಿದ್ದ. ಹುಟ್ಟಿದ್ದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ. ತಂದೆಯ ಮನೆತನ ಸ್ಕಾಟಿಷ್, ತಾಯಿ ಮಲಯ್. ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದಿಂದ ಆಟಕ್ಕೆ ಬಂದವನು. ಅಂತರರಾಷ್ಟ್ರೀಯ ರಗ್ಬಿ ಆಡಿದ ಮೊದಲ ಬಿಳಿಯನಲ್ಲದ ಆಟಗಾರ ಎಂದು ಅವನನ್ನು ಹೆಸರಿಸುತ್ತಾರೆ. ಅಂದರೆ ಮೊದಲ ಪಂದ್ಯದಲ್ಲೇ.

12
ಅದೇ 1871ರಲ್ಲಿ ಮೈಸೂರು ಸಂಸ್ಥಾನದ ಮೊದಲ ಜನಗಣತಿ. ಲೆಕ್ಕಕ್ಕೆ ಸಿಕ್ಕವರು 50,55,412. ಆಡಳಿತ ಬ್ರಿಟಿಷ್ ಕಮಿಷನರರದು. ಶಿವಮೊಗ್ಗ ಜಿಲ್ಲೆ ‘ನಗರ’ ಎಂಬ ಡಿವಿಜನ್ನಿಗೆ ಸೇರಿತ್ತು. ಭದ್ರಾವತಿಯ ಹೆಸರು ಬೆಂಕಿಪುರ. ಕಬ್ಬಿಣದ ಕಾರ್ಖಾನೆ ಬರಲು ಇನ್ನೂ ಅರ್ಧ ಶತಮಾನ ಇತ್ತು.

13
ಬರ್ಕೆಟ್‌ನ ಕ್ಲಬ್ಬು ಕ್ಲ್ಯಾಪಮ್ ರೋವರ್ಸ್. ಅವರು ರಗ್ಬಿಯನ್ನೂ ಆಡುತ್ತಿದ್ದರು, ಫುಟ್‌ಬಾಲನ್ನೂ ಆಡುತ್ತಿದ್ದರು. ಒಂದರಲ್ಲಿ ಚೆಂಡನ್ನು ಎತ್ತಿಕೊಂಡು ಓಡಬೇಕು. ಇನ್ನೊಂದರಲ್ಲಿ ಕೈಯಿಂದ ಮುಟ್ಟಿದರೆ ತಪ್ಪು.

14
ಬರ್ಕೆಟ್ ಫುಟ್‌ಬಾಲಿನಲ್ಲಿ ಗೋಲ್‌ಕೀಪರ್. ಕೈ ಬಳಸಬಹುದಾದ ಒಂದೇ ಜಾಗ.

15
1879ರ ಏಪ್ರಿಲ್ 5, ಲಂಡನ್ನಿನ ಓವಲ್ ಮೈದಾನ. ಫುಟ್‌ಬಾಲ್. ಮತ್ತೆ ಸ್ಕಾಟ್ಲೆಂಡ್. ಇಂಗ್ಲೆಂಡಿನ ಗೋಲಿನಲ್ಲಿ ಬರ್ಕೆಟ್. ಅರ್ಧ ಆಟ ಮುಗಿದಾಗ ಇಂಗ್ಲೆಂಡ್ 1, ಸ್ಕಾಟ್ಲೆಂಡ್ 4. ಕೊನೆಗೆ ಇಂಗ್ಲೆಂಡ್ 5, ಸ್ಕಾಟ್ಲೆಂಡ್ 4. ದೇಶದ ಪರವಾಗಿ ಅವನನ್ನು ಫುಟ್‌ಬಾಲ್ ಆಡಲು ಮತ್ತೆ ಕರೆಯಲಿಲ್ಲ.

16
ಎರಡೂ ಆಟಗಳಲ್ಲಿ ಇಂಗ್ಲೆಂಡನ್ನು ಪ್ರತಿನಿಧಿಸಿದವರು ಬಹಳ ಕಡಿಮೆ. ರಗ್ಬಿಯಲ್ಲಿ ಅವನದು ನಾಲ್ಕು ಪಂದ್ಯ, 1871ರಿಂದ 1877ರೊಳಗೆ. ಫುಟ್‌ಬಾಲಿನಲ್ಲಿ ಒಂದು.

17
ಅದೇ ಓವಲ್ ಪಂದ್ಯದಲ್ಲಿ, ಅದೇ ಕ್ಲಬ್ಬಿನಿಂದ ಬಂದ ಇನ್ನೊಬ್ಬ: ಜೇಮ್ಸ್ ಪ್ರಿನ್ಸೆಪ್. ಹುಟ್ಟಿದ್ದು ಭಾರತದಲ್ಲಿ, 1861ರ ಜುಲೈ 27. ಅಂದು ಅವನಿಗೆ 17 ವರ್ಷ 252 ದಿನ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಫುಟ್‌ಬಾಲ್ ಆಡಿದವರು ಮುಂದಿನ ಸುಮಾರು 124 ವರ್ಷ ಯಾರೂ ಇರಲಿಲ್ಲ. ಆ ದಾಖಲೆಯನ್ನು ವೇಯ್ನ್ ರೂನಿ ಮುರಿದದ್ದು 2003ರ ಫೆಬ್ರವರಿ 12ರಂದು.

18
ಫೆಬ್ರವರಿ 12 ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರು ಭದ್ರಾವತಿಯಲ್ಲಿ ಹುಟ್ಟಿದ ದಿನ. ವರ್ಷ 1949. ಬರ್ಕೆಟ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ ಒಂದೂವರೆ ತಿಂಗಳು ಕಡಿಮೆ.

ಇದರಿಂದ ಏನೂ ತಿಳಿಯುವುದಿಲ್ಲ. ಬರೆದುಕೊಂಡೆ.

19
ಬ್ರಾಹ್ಮಿ ಲಿಪಿಯನ್ನು ಓದಿ ತೋರಿಸಿದವನ ಹೆಸರೂ ಜೇಮ್ಸ್ ಪ್ರಿನ್ಸೆಪ್. ಅದು 1837ರ ಸುಮಾರು. ಬೇರೆ ಮನುಷ್ಯ.

20
ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದಲ್ಲಿ ವೀರಗಲ್ಲುಗಳನ್ನು ನಿಲ್ಲಿಸಿದ್ದಾರೆ. ತುರುಗೋಳಿನ ಕಲ್ಲುಗಳ ಕಥೆ ಹೆಚ್ಚುಕಡಿಮೆ ಒಂದೇ. ಕಳ್ಳರು ಊರಿನ ದನ ಹೊಡೆದುಕೊಂಡು ಹೋದರು, ಇವನು ಬೆನ್ನಟ್ಟಿದ, ದನ ಬಿಡಿಸಿದ, ಸತ್ತ. ಕೆಳಗಿನ ಪಟ್ಟಿಯಲ್ಲಿ ಕಾದಾಟ. ನಡುವೆ ಅಪ್ಸರೆಯರು. ಮೇಲೆ ಲಿಂಗ, ನಂದಿ. ಅಂಥವನು ಸತ್ತದ್ದು ಹೇಗೆ ಎಂಬುದು ಕಲ್ಲಿನಲ್ಲಿ ಇರುತ್ತದೆ. ಹುಟ್ಟಿದ್ದು ಯಾವಾಗ ಎಂಬುದು ಇರುವುದಿಲ್ಲ.

21
ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಎರಡು ಸಂಪುಟಗಳಲ್ಲಿ ತಂದರು, 1902 ಮತ್ತು 1904ರಲ್ಲಿ.

22
ರಗ್ಬಿ ಚೆಂಡು ಮೊದಲಿಗೆ ಹಂದಿಯ ಮೂತ್ರಕೋಶ, ಅದರ ಮೇಲೆ ತೊಗಲಿನ ಹೊದಿಕೆ. ರಗ್ಬಿ ಊರಿನ ಚಪ್ಪಲಿ ಅಂಗಡಿಗಳಲ್ಲಿ ಹೊಲಿಯುತ್ತಿದ್ದರು. ಮೂತ್ರಕೋಶ ಮೊಟ್ಟೆಯ ಆಕಾರಕ್ಕೆ ಉಬ್ಬುತ್ತದೆ, ಚೆಂಡೂ ಹಾಗೇ ಆಯಿತು. ಬಾಯಿಯಿಂದ ಊದಬೇಕಿತ್ತು. ರಿಚರ್ಡ್ ಲಿಂಡನ್ ಎಂಬ ಮೋಚಿಯ ಹೆಂಡತಿ ಊದುತ್ತಿದ್ದಳು. ರೋಗದ ಹಂದಿಗಳ ಚೀಲ ಊದಿ ಊದಿ ಶ್ವಾಸಕೋಶ ಕೆಟ್ಟು ಸತ್ತಳು ಎಂದು ಹೇಳುತ್ತಾರೆ. ಲಿಂಡನ್ ಆಮೇಲೆ ರಬ್ಬರಿನ ಚೀಲ ಮಾಡಿದ, ಊದಲು ಹಿತ್ತಾಳೆಯ ಪಂಪನ್ನೂ ಮಾಡಿದ.

23
ಶಿವಮೊಗ್ಗದ ದುರ್ಗಿಗುಡಿಯ ಆಟದ ಸಾಮಾನಿನ ಅಂಗಡಿ. ಕೇರಂ ಬೋರ್ಡು, ಷಟಲ್ ಬ್ಯಾಟು, ಟ್ರೋಫಿಗಳು. ಟ್ರೋಫಿಗಳೇ ಹೆಚ್ಚು.
"ರಗ್ಬಿ ಬಾಲ್ ಇದೆಯೇನಪ್ಪ?"
"ಇಲ್ಲ ಸಾರ್, ಯಾರೂ ಕೇಳಲ್ಲ. ಬೇಕಂದ್ರೆ ಜಲಂಧರ್‌ನಿಂದ ತರಿಸ್ಕೊಡ್ತೀನಿ. ಯಾತಕ್ಕೆ ಸಾರ್?"
ಯಾತಕ್ಕೆ ಎಂದು ಹೇಳಲು ನನಗೆ ಹೊಳೆಯಲಿಲ್ಲ.

24
ಜಲಂಧರದಲ್ಲಿ ಹೊಲಿದ ರಗ್ಬಿ ಚೆಂಡುಗಳು ಹೊರದೇಶಗಳಿಗೆ ಹೋಗುತ್ತವೆ. ಹೊಲಿಯುವವರಲ್ಲಿ ಎಷ್ಟು ಮಂದಿ ರಗ್ಬಿ ನೋಡಿರಬಹುದು?

25
ಬರ್ಕೆಟ್ ದಲ್ಲಾಳಿಯಾಗಿದ್ದ ಕಾಲದಲ್ಲಿ ಮದ್ರಾಸಿನಿಂದ ಲಂಡನ್ನಿಗೆ ಹದಮಾಡಿದ ತೊಗಲು ಹಡಗಿನಲ್ಲಿ ಹೋಗುತ್ತಿತ್ತು. ಹದಕ್ಕೆ ಬಳಸುತ್ತಿದ್ದದ್ದು ಆವರಿಕೆಯ ತೊಗಟೆ. ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ಆವರಿಕೆ.

26
ಪಲವಂಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಎಡಗೈ ಸ್ಪಿನ್ನರ್. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ 114 ವಿಕೆಟ್ ತೆಗೆದವರು. ಕ್ಯಾಪ್ಟನ್ ಪಟಿಯಾಲದ ಮಹಾರಾಜ.

27
ಬಾಲೂ ತೊಗಲಿನ ಕೆಲಸದ ಸಮುದಾಯಕ್ಕೆ ಸೇರಿದವರು. ಪುಣೆಯಲ್ಲಿ ಮೊದಲು ಮೈದಾನ ಗುಡಿಸುವ, ರೋಲರ್ ಎಳೆಯುವ ಕೆಲಸ. ಆಮೇಲೆ ಹಿಂದೂ ತಂಡದಲ್ಲಿ ಬೌಲರ್. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ನಿನ ಒಳಗೆ, ಪಿಂಗಾಣಿ ಕಪ್ಪಿನಲ್ಲಿ. ಬಾಲೂ ಹೊರಗೆ, ಮಣ್ಣಿನ ಕುಡಿಕೆಯಲ್ಲಿ.

ಚೆಂಡು ಮಾತ್ರ ಎಲ್ಲರ ಕೈಗೂ ಹೋಗುತ್ತಿತ್ತು. ತೊಗಲಿನದು.

28
1937ರ ಚುನಾವಣೆಯಲ್ಲಿ ಬಾಲೂ ಮುಂಬಯಿಯಲ್ಲಿ ಸ್ಪರ್ಧಿಸಿ ಸೋತರು. ಗೆದ್ದವರು ಬಿ.ಆರ್. ಅಂಬೇಡ್ಕರ್.

29
ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. 1920, ಆಂಟ್‌ವರ್ಪ್ ಒಲಿಂಪಿಕ್ಸ್, ಮ್ಯಾರಥಾನ್. 19ನೆಯ ಸ್ಥಾನ. 2 ಗಂಟೆ 50 ನಿಮಿಷ 45 ಸೆಕೆಂಡ್. ಅವನ ಕುರಿತು ಬರೆದವರು ಈ ಸಾಲು ಬರೆದಿದ್ದಾರೆ. ಓಟ ಮುಗಿದ ಮೇಲೆ ಕುಡಿಯಲು ಏನು ಕೊಟ್ಟರೋ, ಅದನ್ನು ಬರೆದವರು ನನಗೆ ಸಿಕ್ಕಿಲ್ಲ.

30
ಕಲ್ಕತ್ತಾ. 1872ರ ಕ್ರಿಸ್‌ಮಸ್ ದಿನ ಅಲ್ಲಿನ ಬಿಳಿಯರು ರಗ್ಬಿ ಆಡಿದರು. ಮುಂದಿನ ವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಆಯಿತು. ನಾಲ್ಕೈದು ವರ್ಷಕ್ಕೆ ಮುಚ್ಚಿತು. ಕಾರಣಗಳಲ್ಲಿ ಒಂದು ಸೆಕೆ. ಇನ್ನೊಂದು, ಪುಕ್ಕಟೆ ಮದ್ಯ ನಿಂತದ್ದು ಎಂದು ಹೇಳುತ್ತಾರೆ.

31
ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು ಕರಗಿಸಿದರು. 270 ರೂಪಾಯಿ. ಅದರಿಂದ ಕಪ್ ಮಾಡಿಸಿ 1878ರಲ್ಲಿ ಲಂಡನ್ನಿಗೆ ಕಳಿಸಿದರು. ಅಂದಿನಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಕಪ್ಪಿಗಾಗಿ ಆಡುತ್ತವೆ.

32
ಆಗಿನ ಬೆಳ್ಳಿ ರೂಪಾಯಿಯ ತೂಕ ಒಂದು ತೊಲ. 270 ತೊಲ ಎಂದರೆ ಮೂರು ಸೇರು ಮೂವತ್ತು ತೊಲ. ಕಿಲೋ ಲೆಕ್ಕದಲ್ಲಿ ಮೂರು ಕಿಲೋ 150 ಗ್ರಾಂ ಹತ್ತಿರ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ. ಶಿವಮೊಗ್ಗದ ಗಾಂಧಿ ಬಜಾರಿನ ಅಕ್ಕಸಾಲಿಗರೊಬ್ಬರಿಗೆ ಈ ಲೆಕ್ಕ ಹೇಳಿದೆ. "ಕೂಲಿ, ಸವಕಳಿ ಎಷ್ಟು ಹಿಡಿದ್ರಂತೆ?" ಎಂದು ಕೇಳಿದರು.

33
ಕಪ್ಪಿನ ಹಿಡಿಗಳು ಮೂರು ನಾಗರಹಾವು. ಮುಚ್ಚಳದ ಮೇಲೆ ಒಂದು ಆನೆ.

34
ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ, ತುಂಗೆಯ ಹಿನ್ನೀರಿನ ಪಕ್ಕ, ಸಕ್ರೆಬೈಲು ಆನೆ ಬಿಡಾರ. ಅಲ್ಲಿನ ಮಾವುತರಿಗೆ ಕಪ್ಪಿನ ಫೋಟೊ ತೋರಿಸಿದರೆ ಆನೆ ಗಂಡೋ ಹೆಣ್ಣೋ ಎಂದು ಮೊದಲು ನೋಡಿಯಾರು.

35
ಆ ಕಪ್ಪಿಗಾಗಿ ಮೊದಲ ಪಂದ್ಯ 1879ರ ಮಾರ್ಚ್ 10. ಅದೇ ರೇಬರ್ನ್ ಪ್ಲೇಸ್. ಯಾರೂ ಗೆಲ್ಲಲಿಲ್ಲ. ಬರ್ಕೆಟ್ ಆ ಹೊತ್ತಿಗೆ ಇಂಗ್ಲೆಂಡಿನ ರಗ್ಬಿ ತಂಡದಲ್ಲಿ ಇರಲಿಲ್ಲ, ಫುಟ್‌ಬಾಲಿನಲ್ಲಿ ಗೋಲ್ ಕಾಯುತ್ತಿದ್ದ.

36
1988ರಲ್ಲಿ ಪಂದ್ಯ ಮುಗಿದ ರಾತ್ರಿ ಎರಡೂ ಪಕ್ಷದ ಒಬ್ಬೊಬ್ಬ ಆಟಗಾರ ಆ ಕಪ್ಪನ್ನು ಎಡಿನ್‌ಬರೋದ ಬೀದಿಗಳಲ್ಲಿ ಚೆಂಡಿನಂತೆ ಆಡಿದರು. ಕಪ್ ನಜ್ಜುಗುಜ್ಜಾಯಿತು. ರಿಪೇರಿ ಮಾಡಿಸಿದರು.

37
ರೂಪಾಯಿ ಕರಗಿದ ಆ ವರ್ಷಗಳು ಇಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 78. ಮೈಸೂರು ಸಂಸ್ಥಾನದ ಮುಂದಿನ ಜನಗಣತಿ 1881ರಲ್ಲಿ. 41,86,188.

38
12ನೆಯ ಟಿಪ್ಪಣಿಯ ಅಂಕಿಯಿಂದ ಕಳೆದರೆ 8,69,224.

39
ಫುಟ್‌ಬಾಲ್ ಆಡುತ್ತಿದ್ದ ವಿಲಿಯಂ ವೆಬ್ ಎಲಿಸ್ ಎಂಬ ಹುಡುಗ 1823ರಲ್ಲಿ ರಗ್ಬಿ ಶಾಲೆಯಲ್ಲಿ ಚೆಂಡನ್ನು ಎತ್ತಿಕೊಂಡು ಓಡಿದನಂತೆ, ಅದರಿಂದ ಈ ಆಟ ಹುಟ್ಟಿತಂತೆ. ಶಾಲೆಯಲ್ಲಿ ಕಲ್ಲು ಹಾಕಿದ್ದಾರೆ. ಈ ಕಥೆಯನ್ನು ಮೊದಲು ಬರೆದದ್ದು ಬ್ಲಾಕ್ಸಮ್ ಎಂಬುವನು, 1876ರಲ್ಲಿ. ಎಲಿಸ್ ಪಾದ್ರಿಯಾಗಿ ಬಾಳಿ 1872ರಲ್ಲೇ ತೀರಿಕೊಂಡಿದ್ದ. ತಾನು ಒಂದು ಆಟ ಕಂಡುಹಿಡಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

40
1880ರಲ್ಲಿ ಕ್ಲ್ಯಾಪಮ್ ರೋವರ್ಸ್ ಎಫ್‌ಎ ಕಪ್ ಗೆದ್ದಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮೇಲೆ, 1–0. ಗೋಲಿನಲ್ಲಿ ಬರ್ಕೆಟ್. ಆಟದಲ್ಲಿ ಅವನ ಹೆಸರು ಎದ್ದು ಕಾಣುವುದು ಅಲ್ಲಿಗೆ ಮುಗಿಯುತ್ತದೆ. ಆಗ ವಯಸ್ಸು 31. ಮುಂದಿನ 18 ವರ್ಷ ಅವನು ತೊಗಲು ಮಾರಿದ, ಮಕ್ಕಳನ್ನು ಬೆಳೆಸಿದ. ನಾನು ನೋಡಿದ ಆಟದ ಚರಿತ್ರೆಗಳಲ್ಲಿ ಆ 18 ವರ್ಷಕ್ಕೆ ಒಂದು ಸಾಲೂ ಇಲ್ಲ. ಸಾವಿಗೆ ಒಂದು ಸಾಲು ಇದೆ.

41
ಗಂಟಲಮಾರಿ ಬಂದಿತ್ತು. ಜ್ವರ ಏರಿ ಸನ್ನಿ ಹಿಡಿಯಿತು. ಸನ್ನಿಯಲ್ಲಿ ಕಿಟಕಿಯಿಂದ ಬಿದ್ದು ಸತ್ತ. ವಯಸ್ಸು 49.

42
ಗಂಟಲಮಾರಿ ಸಾಮಾನ್ಯವಾಗಿ ಮಕ್ಕಳ ರೋಗ.

43
ಅದೇ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು.

44
ಬರ್ಕೆಟ್‌ನ ತಮ್ಮ ಲೂಯಿಯೂ ಇಂಗ್ಲೆಂಡಿಗೆ ರಗ್ಬಿ ಆಡಿದ. ಮಗ ಜಾನ್ 1906ರಿಂದ 1912ರವರೆಗೆ ಆಡಿದ, ಕ್ಯಾಪ್ಟನ್ನೂ ಆದ. ತಂದೆ ನೋಡಲಿಲ್ಲ. ಮಗನ ಕಾಲಕ್ಕೆ ಟ್ರೈಗೆ 3 ಅಂಕ.

45
ಬೆಂಕಿಪುರದಲ್ಲಿ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ. ಕಬ್ಬಿಣ ಹೊರಬಂದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ. ಕುಲುಮೆಗೆ ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಇದ್ದಿಲು. ಮರ ಸುಡುವಾಗ ಬರುವ ಹೊಗೆಯಿಂದ ಸ್ಪಿರಿಟು, ಟಾರು ತೆಗೆಯುತ್ತಿದ್ದರು. ಹೆಸರಿನಲ್ಲಿ ಮರವೇ ಮೊದಲು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

46
ವಿಶ್ವನಾಥ್ ಅವರ ಕುರಿತು ನಾನು ನೋಡಿದ ದಾಖಲೆಗಳಲ್ಲಿ ಭದ್ರಾವತಿ ಒಂದೇ ಸಲ ಬರುತ್ತದೆ. ಮೊದಲ ಸಾಲಿನಲ್ಲಿ, ಹುಟ್ಟಿದ ತಾರೀಖಿನ ಪಕ್ಕ. ಎರಡನೆಯ ಸಾಲಿನಿಂದ ಬೆಂಗಳೂರು.

47
ಮೊದಲ ಟೆಸ್ಟ್, 1969, ಕಾನ್ಪುರ, ಆಸ್ಟ್ರೇಲಿಯಾ ವಿರುದ್ಧ. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಎರಡನೆಯದರಲ್ಲಿ 137.

48
1980ರ ಫೆಬ್ರವರಿ, ಮುಂಬಯಿ, ಇಂಗ್ಲೆಂಡ್ ವಿರುದ್ಧ ಒಂದೇ ಟೆಸ್ಟ್. ಕ್ಯಾಪ್ಟನ್ ವಿಶ್ವನಾಥ್. ಬಾಬ್ ಟೇಲರ್ ಔಟ್ ಎಂದು ಅಂಪೈರು ಬೆರಳೆತ್ತಿದರು. ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್ ಅವರಿಗೆ ಅನ್ನಿಸಿತು. ಟೇಲರನ್ನು ವಾಪಸ್ಸು ಕರೆದರು. ಟೇಲರ್, ಬಾತಮ್ ಜೊತೆಯಾಗಿ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಪಂದ್ಯದಲ್ಲಿ ಗಲಾಟೆ ಮಾಡಿದ ಪಕ್ಷ ಯಾವುದೂ ಇರಲಿಲ್ಲ.

49
ಅವರು ಕ್ಯಾಪ್ಟನ್ ಆಗಿದ್ದದ್ದು ಎರಡು ಟೆಸ್ಟ್‌ಗಳಿಗೆ. ಆಡಿದ್ದು 91. ಆಮೇಲೆ ಐಸಿಸಿ ಮ್ಯಾಚ್ ರೆಫರಿಯಾದರು.

50
2023ರ ಜನವರಿಯಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಪ್ರಕಟವಾಯಿತು. ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಆಗಸ್ಟಿನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಊರಿನ ಕಾಗದದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು.

51
1871ರ ಇಂಗ್ಲೆಂಡ್ ತಂಡದ ಫೋಟೊ ಉಳಿದಿದೆ. ಬಿಳಿ ಜರ್ಸಿ, ಎದೆಯ ಮೇಲೆ ಗುಲಾಬಿ. ಯಾರು ಯಾರು ಎಂದು ಹೆಸರಿಟ್ಟು ತೋರಿಸುತ್ತಾರೆ. 150 ವರ್ಷದ ಮೇಲೂ ಯಾರೋ ಇಲ್ಲಿ ಕೂತು, ಇವನು ಮುಂದೆ ಕಿಟಕಿಯಿಂದ ಬೀಳುವವನು ಎಂದು ಬೆರಳಿಡಬಹುದು.

52
ಭದ್ರಾವತಿಯ ಹಳೇನಗರ, ನ್ಯೂಟೌನ್, ಪೇಪರ್‌ಟೌನಿನ ಮನೆಗಳಲ್ಲೂ ಗ್ರೂಪ್ ಫೋಟೊಗಳಿವೆ. ವಾಲಿಬಾಲ್, ಫುಟ್‌ಬಾಲ್, ಕಬಡ್ಡಿ. ಕುರ್ಚಿಯಲ್ಲಿ ಸಾಹೇಬರು, ಹಿಂದೆ ನಿಂತ ಆಟಗಾರರು, ಮುಂದೆ ನೆಲದಲ್ಲಿ ಕಾಲು ಮಡಚಿ ಕೂತ ಇಬ್ಬರು, ನಡುವೆ ಕಪ್. ತಾತ ಯಾರು ಎಂದು ಮೊಮ್ಮಕ್ಕಳು ತೋರಿಸುತ್ತಾರೆ. ತಾತನ ಪಕ್ಕದವರು ಯಾರು ಎಂದರೆ ಗೊತ್ತಿಲ್ಲ.

53
ಇಂಥ ಫೋಟೊ ನಿಮ್ಮ ಮನೆಯಲ್ಲಿದ್ದರೆ, ಹೆಸರು ಹೇಳಬಲ್ಲವರು ಇನ್ನೂ ಇದ್ದರೆ, ಹಿಂಬದಿಯಲ್ಲಿ ಬರೆದಿಡಿ. ಎಡದಿಂದ ಬಲಕ್ಕೆ, ಇಸವಿ ಸಹಿತ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಮುಂಬದಿಗೆ ಹಾಯುತ್ತದೆ.